ಮಾರ್ಲಿಸ್ ಹಾಕಿದ ಲೆಕ್ಕ

ಏಪ್ರಿಲ್ ೯, ಗುರುವಾರ. ಡುಲುತ್.

ತೆರಿಗೆಯ ಫಾರಂ ಇನ್ನೂ ಊಟದ ಮೇಜಿನ ಮೇಲೇ ಇದೆ.

ನನ್ನ ಪಾಲಿನದು ಸುಲಭವಾಯಿತು. ಹಳೇ ಕಂಪನಿಯ ನಿವೃತ್ತಿ ಹಣ ಹೊಸ ಖಾತೆಗೆ ಹಾಗೆಯೇ ಹೋಗಿದೆ. ಪಕ್ಕದಲ್ಲಿ ‘ರೋಲ್‌ಓವರ್’ ಎಂದು ಬರೆದು, ತೆರಿಗೆಯ ಜಾಗದಲ್ಲಿ ಸೊನ್ನೆ ಹಾಕಿದೆ. ತಲೆನೋವು ನನ್ನ ಹೆಂಡತಿ ಮಾರ್ಲಿಸ್‌ಳದು. ನವೆಂಬರಿನಲ್ಲಿ ಅವಳು ತನ್ನ ನಿವೃತ್ತಿ ಹಣವನ್ನೆಲ್ಲ ‘ರಾತ್’ ಎಂಬ ಬಗೆಯ ಖಾತೆಗೆ ಬದಲಾಯಿಸಿಬಿಟ್ಟಿದ್ದಾಳೆ. ಈಗಲೇ ತೆರಿಗೆ ಕಟ್ಟಿದರೆ ಮುಂದೆ ತೆಗೆಯುವಾಗ ಕಟ್ಟಬೇಕಿಲ್ಲ, ನಿಜ. ಆದರೆ ಅಷ್ಟೂ ಹಣ ಒಂದೇ ವರ್ಷದ ಆದಾಯವಾಗಿ ಕೂತಿದೆ.

ಸಂಜೆ ರೇಗಿದೆ. “ವರ್ಷಾವರ್ಷ ಸ್ವಲ್ಪ ಸ್ವಲ್ಪ ಮಾಡಿದ್ರೆ ಆಗ್ತಿರ್ಲಿಲ್ವಾ? ಏನು ಅವಸರ ಇತ್ತು ನಿಂಗೆ?”

ಓವನ್ನಿಂದ ಆಲೂಗಡ್ಡೆ, ಮಾಂಸದ ಹಾಟ್‌ಡಿಶ್ ತೆಗೆಯುತ್ತಿದ್ದವಳು ತಿರುಗಲೇ ಇಲ್ಲ. “ಗಂಡ ಹೆಂಡ್ತಿ ಒಟ್ಟಿಗೆ ಫಾರಂ ತುಂಬಿದ್ರೆ ತೆರಿಗೆ ಕಡಿಮೆ ಕಣೋ. ಒಂಟಿ ಆದ್ಮೇಲೆ ಅಷ್ಟೇ ಹಣಕ್ಕೆ ಜಾಸ್ತಿ ಕೀಳ್ತಾರೆ. ನಿಂಗೆ ಲೆಕ್ಕ ಅಂದ್ರೆ ಮೊದ್ಲಿಂದ್ಲೂ ಆಗಲ್ಲ.”

“ಈಗ ಯಾರು ಒಂಟಿ ಆಗ್ತಿದಾರೆ?”

“ಬಿಸಿ ಇರುವಾಗ್ಲೇ ತಿನ್ನು.”

ಎದೆಯ ಗಂಟಿನ ವಿಷಯ ಅವಳು ನನಗೆ ಹೇಳಿದ್ದು ಹೋದ ತಿಂಗಳು. ಆಗತಾನೇ ಕೈಗೆ ಸಿಕ್ಕಿತು ಎಂದಿದ್ದಳು. ಸೋಮವಾರ ಸ್ಕ್ಯಾನ್ ಇದೆ. ಏನೂ ಇರಲಿಕ್ಕಿಲ್ಲ ಎಂದು ಅವಳೇ ನನಗೆ ಧೈರ್ಯ ಹೇಳುತ್ತಾಳೆ.

ಹಾಗಾದರೆ ನವೆಂಬರಿನಲ್ಲೇ ಗೊತ್ತಿತ್ತೇ ಅವಳಿಗೆ?

ತಟ್ಟೆ ಸರಿಸಿ ಫಾರಂ ಎಳೆದುಕೊಂಡೆ.

‘ದಂಪತಿ, ಜಂಟಿಯಾಗಿ’ ಎಂಬ ಚೌಕಕ್ಕೆ ಗುರುತು ಹಾಕಿದ್ದೇನೆ. ಕೆಳಗೆ ಅವಳು ಸಹಿ ಮಾಡಿ ಮಲಗಿದ್ದಾಳೆ. ಇನ್ನೊಂದು ಗೆರೆ ನನ್ನದು. ಪೆನ್ನು ಹಿಡಿಯುತ್ತೇನೆ, ಇಡುತ್ತೇನೆ. ನಾನೂ ಸಹಿ ಹಾಕಿದರೆ, ಅವಳು ಹಾಕಿದ ಲೆಕ್ಕಕ್ಕೆ ಒಪ್ಪಿದ ಹಾಗೆ.