ಕಾಲರಿನ ಕೆಂಪು ದಾರ

ಎದೆರೋಗದ ವಾರ್ಡಿನ ಹೊರಗಿನ ಬೆಂಚು,
ಗುರುವಾರ, ಹದಿನೇಳನೇ ತಾರೀಖು

ಪ್ರೀತಿಯ ತಮ್ಮಾ,

'ಪ್ರೀತಿಯ' ಎಂದು ಬರೆಯುವ ಮುಂಚೆ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಆದರೂ ಬರೆದೆ, ಅಮ್ಮ ಕಲಿಸಿದ ಅಭ್ಯಾಸ ಕೋಪ ಬಂದರೂ ಬಿಡುವುದಿಲ್ಲ. ಆರೋಗ್ಯವಾಗಿದ್ದೀಯಾ? ಊಟ ಸೇರುತ್ತದೆಯೇ? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ಉಪಚಾರಕ್ಕೆ ಕೇಳಿದ್ದಲ್ಲ. ನನಗೆ ಉತ್ತರ ಬರೆಯದಿದ್ದರೂ ಸರಿ, ನಿನಗೆ ನೀನೇ ಹೇಳಿಕೋ.

ನನ್ನ ಕಡೆಯ ಲೆಕ್ಕ ಕೇಳು. ನಿನ್ನ ಭಾವನ ಕಾಯಿಲೆಗೆ ಇಲ್ಲಿಯವರೆಗೆ ಆದ ಖರ್ಚು: ಎಕ್ಸ್‌ರೇ ಒಂಬತ್ತು. ಕಫದ ಡಬ್ಬಿ ಹದಿನೆಂಟು. ಹದಿನೆಂಟರಲ್ಲಿ ಒಂದರಲ್ಲೂ ಕ್ಷಯದ ರೋಗಾಣು ಸಿಗಲಿಲ್ಲ. ಆದರೂ ಕ್ಷಯದ ಮಾತ್ರೆ ಎರಡು ಸುತ್ತು, ಸುತ್ತಿಗೆ ಆರು ತಿಂಗಳು. ಇಳಿದ ಮೈತೂಕ ಹದಿನಾಲ್ಕು ಕಿಲೋ. ನಮ್ಮ ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಮೊದಲು ಒಂದೇ ದಮ್ಮಿಗೆ ಹತ್ತುತ್ತಿದ್ದ ಮನುಷ್ಯ ಈಗ ನಾಲ್ಕು ಕಡೆ ಕೂತು ಹತ್ತುತ್ತಾರೆ. ಸುಳ್ಳು ಎರಡು. ಎರಡನ್ನೂ ಆಡಿದ್ದು ನನ್ನ ಬಾಯಿ, ಹೇಳಿಕೊಟ್ಟಿದ್ದು ನಿನ್ನ ಬಾಯಿ.

ನೆನಪಿದೆಯಲ್ಲ? ಮೊದಲ ಸಲ ಇವರನ್ನು ಇಲ್ಲಿಗೆ ಸೇರಿಸಲು ಹೊರಟಾಗ ಇವರು ದುಡಿಯುವ ಕಾರ್ಖಾನೆಯ ಗೇಟಿನಲ್ಲಿ ನಿಂತು, ಅಲ್ಲಿಯ ಮೇಸ್ತ್ರಿ ನೀನೇ ಹೇಳಿದೆ: "ಅಕ್ಕಾ, ಕಲ್ಲುಪುಡಿ ಕಾರ್ಖಾನೆ ಅಂದ್ರೆ ಆ ಕಾಗದ ತಾ, ಈ ಕಾಗದ ತಾ ಅಂತ ಮೂರು ದಿನ ಕೂರಿಸ್ತಾರೆ. ಕೂಲಿ ಅನ್ನು. ಸಿಗರೇಟು ಸೇದ್ತಾರೆ ಅಂತಲೂ ಸೇರಿಸಿಬಿಡು, ಹೆಚ್ಚು ಕೇಳದೆ ಬೆಡ್ ಕೊಡ್ತಾರೆ." ಇವರೋ, ದೀಪ ಹಚ್ಚಬೇಕಾದರೂ ಬೆಂಕಿಪೊಟ್ಟಣ ನನ್ನ ಕೈಗೆ ಕೊಡುವ ಮನುಷ್ಯ. ಇವರು ಬಾಯಿ ತೆರೆಯುವ ಮೊದಲೇ ನಾನು, ಮಾತಿನಮಲ್ಲಿ, ಚೀಟಿ ಬರೆಯುವವನಿಗೆ ಪಟಪಟನೆ ಹೇಳಿದೆ: ಕಸುಬು ಕೂಲಿ, ಚಟ ಸಿಗರೇಟು. ಅವನು ಬರೆದುಕೊಂಡ. ಕೇಳಿದ್ದಕ್ಕೆಲ್ಲ ಎಷ್ಟು ಚೆನ್ನಾಗಿ ಉತ್ತರ ಕೊಟ್ಟೆ ಎಂದು ನನಗೆ ಹೆಮ್ಮೆಯೇ ಆಗಿತ್ತು. ಆ ಹೆಮ್ಮೆಗೆ ಬೆಂಕಿ ಹಾಕ.

ಇಲ್ಲಿಯ ಡಾಕ್ಟರಮ್ಮನ ಬಗ್ಗೆ ನಿನಗೆ ಗೊತ್ತಿಲ್ಲ. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ವಾರ್ಡಿಗೆ ಬಂದವರನ್ನೆಲ್ಲ ವರ್ಷಕ್ಕೊಮ್ಮೆ ಒಂದು ದೊಡ್ಡ ರಿಜಿಸ್ಟರಿನಲ್ಲಿ ಸಾಲು ಹಿಡಿದು ಬರೆಯುತ್ತಾರೆ: ವಯಸ್ಸು, ಕಸುಬು, ಚಟ, ಕಾಯಿಲೆ. ಯಾವ ಕಾಯಿಲೆ ಯಾರಿಗೆ, ಯಾಕೆ ಬರುತ್ತದೆ ಎಂದು ಕಂಡುಹಿಡಿಯಲು. ಮೂವತ್ತು ಹಾಸಿಗೆಯ ವಾರ್ಡು. ಕಿಟಕಿ ಪಕ್ಕದ ಬೇಕರಿಯವನಿಗೆ ಉಬ್ಬಸ, ಅದು ಹಿಟ್ಟಿನ ಧೂಳಿನಿಂದ. ಬಾಗಿಲ ಬಳಿಯ ದರ್ಜಿಗೆ ನಿಜವಾದ ಕ್ಷಯ. ಮಾತ್ರೆ ಹಿಡಿದಿದೆ, ಮೈ ತುಂಬಿಕೊಳ್ಳುತ್ತಿದ್ದಾನೆ. ಮೂಲೆಯ ಮುದುಕ ಡ್ರೈವರು ಐವತ್ತು ವರ್ಷ ಸೇದಿದ ಹೊಗೆಯನ್ನು ಈಗ ಒಂದೊಂದೇ ಕೆಮ್ಮಿ ವಾಪಸು ಕೊಡುತ್ತಿದ್ದಾನೆ. ಇವರೆಲ್ಲ ಲೆಕ್ಕಕ್ಕೆ ಸರಿಯಾಗಿ ಕೂತರು. ಕೂರದೇ ಉಳಿದವರು ಮೂವತ್ತೈದು, ನಲವತ್ತರ ಗಂಡಸರು. ಮುಖ ನೋಡಿದರೆ ಪ್ರಾಯ, ಎದೆ ನೋಡಿದರೆ ಎಪ್ಪತ್ತು. ಎಲ್ಲರದ್ದೂ ಕಸುಬು ಕೂಲಿ, ಎಲ್ಲರದ್ದೂ ಚಟ ಸಿಗರೇಟು. ಡಾಕ್ಟರಮ್ಮ ಒಂದು ದಿನ ರಿಜಿಸ್ಟರು ಬಡಿದು, "ಈ ಕೂಲಿ ಅನ್ನೋ ಊರು ಎಲ್ಲಿದೆ ತೋರಿಸ್ರೀ, ನಾನೇ ಹೋಗಿ ನೋಡ್ಕೊಂಡು ಬರ್ತೀನಿ" ಎಂದು ನರ್ಸಿನ ಮೇಲೆ ರೇಗಿದ್ದನ್ನು ನಾನು ಇದೇ ಬೆಂಚಿನಲ್ಲಿ ಕೂತು ಕೇಳಿ ನಕ್ಕಿದ್ದೆ. ನನ್ನ ನಗುವಿಗೂ ಬೆಂಕಿ ಹಾಕ.

ಹೋದ ತಿಂಗಳು ಬೆಡ್‌ಶೀಟು ಎಣಿಸಲು ವಾರ್ಡಿನೊಳಗೆ ಹೋಗಿದ್ದೆ. ಜಗಲಿಯ ಮೇಲೆ ಒಂದು ಟಬ್ಬು ಇಟ್ಟುಕೊಂಡು ಶುರು ಮಾಡಿದವಳು ನಾನು. ಈಗ ಈ ಆಸ್ಪತ್ರೆಯ ಬಟ್ಟೆಯೂ ನನ್ನ ಲಾಂಡ್ರಿಗೇ ಬರುತ್ತದೆ. ಅಷ್ಟು ದೊಡ್ಡವಳಾದದ್ದು ಹೇಗೆ? ಬಂದ ಬಟ್ಟೆ ಎಷ್ಟೋ ಹೋದ ಬಟ್ಟೆ ಅಷ್ಟೇ ಇರುವಂತೆ ನೋಡಿಕೊಂಡು. ಕಿಟಕಿಯ ಸರಳಿಗೆ ಯಾರದೋ ಅಂಗಿ ಒಣಹಾಕಿದ್ದರು. ಕಾಲರಿನ ಒಳಗೆ ಕೆಂಪು ದಾರದಲ್ಲಿ ಹತ್ತೊಂಬತ್ತು. ಹೊಲಿಗೆ ನನ್ನದು, ತಮ್ಮಾ. ಹೆತ್ತ ಮಗುವಿನ ಮಚ್ಚೆಯ ಹಾಗೆ ಗುರುತು ಹಿಡಿದೆ. ಕಾರ್ಖಾನೆಯವರ ಅಂಗಿ ಒಂದಕ್ಕೊಂದು ಅದಲುಬದಲಾಗುತ್ತವೆ ಎಂದು ನಿನ್ನ ಹಾಜರಿ ಪುಸ್ತಕದ ನಂಬರನ್ನೇ ಕಾಲರಿಗೆ ಹಾಕುವ ಪದ್ಧತಿ ಮಾಡಿದವರು ನಾವಿಬ್ಬರೇ ಅಲ್ಲವೇ? ಪಕ್ಕದ ಮಂಚದವನ ಕಾಲರು ತಿರುಗಿಸಿದೆ: ಏಳು. ಆಚೆಯವನದ್ದು ಇಪ್ಪತ್ತಮೂರು. ಒಬ್ಬ ಕಂಬಳಿ ಎಳೆದುಕೊಂಡು, "ಏನಮ್ಮಾ, ಮಲಗಿರೋರ ಅಂಗಿಗೆ ಕೈ ಹಾಕ್ತೀಯಾ?" ಅಂದ. "ಹಾಕ್ತೀನಿ ಕಣಪ್ಪಾ, ಹನ್ನೊಂದು ವರ್ಷದಿಂದ ಹಾಕ್ತಾನೇ ಇದ್ದೀನಿ" ಅಂದೆ. ಎಣಿಸಿದೆ. ಮೂವತ್ತರಲ್ಲಿ ಹನ್ನೊಂದು ಕಾಲರು. ಇವರದ್ದೂ ಸೇರಿ, ನಂಬರು ನಾಲ್ಕು.

ಹನ್ನೊಂದು ವರ್ಷ ಆ ಅಂಗಿಗಳನ್ನು ಒಗೆದು ಟಬ್ಬು ಬಗ್ಗಿಸಿದಾಗೆಲ್ಲ ತಳದಲ್ಲಿ ಬಿಳಿ ಗಸಿ. ಕರಗದು, ತೊಲಗದು, ಸೌಟಿನಲ್ಲಿ ಕೆರೆದು ತೆಗೆಯಬೇಕಿತ್ತು. ಬಟ್ಟೆಯಿಂದ ಇಷ್ಟು ಬಂದರೆ ಎದೆಯೊಳಗೆ ಎಷ್ಟು ಹೋಗಿರಬೇಕು ಎಂದು ಲೆಕ್ಕದವಳಾದ ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಬೆಳ್ಳಗೆ ಒಗೆದು, ಇಸ್ತ್ರಿ ಹಾಕಿ, ಗುರುತೇ ಸಿಗದ ಹಾಗೆ ವಾಪಸು ಕಳಿಸಿದೆ.

ಹೋಗಿ ಎಲ್ಲ ನಿಜ ಹೇಳಿದೆ; ಡಾಕ್ಟರಮ್ಮ ಆ ಹನ್ನೊಂದು ಜನರ ಎಕ್ಸ್‌ರೇಗಳನ್ನು ದೀಪದ ಪೆಟ್ಟಿಗೆಯ ಮೇಲೆ ಸಾಲಾಗಿ ಜೋಡಿಸಿದರು. ಎಲ್ಲದರಲ್ಲೂ ಎದೆಯ ಮೇಲ್ಭಾಗದಲ್ಲಿ ಮರಳು ಎರಚಿದ ಹಾಗೆ ಬಿಳಿ ಚುಕ್ಕೆ. ಒಬ್ಬನದ್ದೇ ಹನ್ನೊಂದು ಪ್ರತಿ ತೆಗೆದಂತೆ. ಸಿಲಿಕೋಸಿಸ್ ಅಂದರು. ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಇಳಿದು ಗಂಟುಕಟ್ಟುವ ಕಾಯಿಲೆ. ತೊಳೆದರೆ ಹೋಗುವುದಿಲ್ಲ, ಮಾತ್ರೆಗೆ ಕರಗುವುದಿಲ್ಲ. ಹೊಸ ಧೂಳು ಹೋಗದ ಹಾಗೆ ತಡೆಯಬಹುದು, ಅಷ್ಟೆ. "ಮೊದಲೇ ಹೇಳಿದ್ದರೆ ಎರಡು ವರ್ಷದ ಹಿಂದೆಯೇ ಆ ಕೆಲಸ ಬಿಡಿಸ್ತಿದ್ದೆ" ಅಂದರು. ಇವರು ಮೊದಲ ಸುತ್ತು ಮಾತ್ರೆ ನುಂಗುತ್ತಲೇ ಆರು ತಿಂಗಳೂ ಅದೇ ಪುಡಿಯಲ್ಲಿ ನಿಂತಿದ್ದರಲ್ಲ, ನೀನೇ ಕರೆದುಕೊಂಡು ಹೋಗಿ. "ಭಾವಾ, ಕೂತರೆ ಮೈ ಇನ್ನೂ ಜಡ ಹಿಡಿಯುತ್ತೆ, ಬನ್ನಿ." ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಮಗನ ಹಾಗೆ ಸಾಕಿದ್ದೆ ನಿನ್ನನ್ನು.

ಈಗ ಕಾರ್ಮಿಕರ ಕಚೇರಿಯಲ್ಲಿ ಪುರಾವೆ ಕೇಳುತ್ತಾರೆ. ಕಾರ್ಖಾನೆಯವರು, ಈ ಹೆಸರಿನವರು ನಮ್ಮಲ್ಲಿ ದುಡಿದೇ ಇಲ್ಲ ಎಂದು ಬರೆದುಕೊಟ್ಟಿದ್ದಾರೆ. ಹಾಜರಿ ಪುಸ್ತಕವನ್ನು ಮೇಸ್ತ್ರಿಯಾದ ನೀನು ಬಗಲಲ್ಲಿಟ್ಟುಕೊಂಡು ಊರು ಬಿಟ್ಟಿದ್ದೀಯ. ಉಳಿದಿರುವುದು ನನ್ನ ಲಾಂಡ್ರಿ ಪುಸ್ತಕ: ಯಾವ ನಂಬರಿನ ಅಂಗಿ ಯಾವ ತಾರೀಖಿಗೆ ಬಂತು, ಹನ್ನೊಂದು ವರ್ಷದ್ದೂ ಇದೆ. ಆದರೆ ಅದರಲ್ಲಿ ಬರೀ ನಂಬರು. ನಂಬರಿನ ಎದುರಿನ ಹೆಸರು ನಿನ್ನ ಪುಸ್ತಕದಲ್ಲಿದೆ. ಎರಡೂ ಒಂದೇ ಮೇಜಿನ ಮೇಲೆ ಬಂದರೆ ಹನ್ನೊಂದು ಜನರ ಚೀಟಿಯಲ್ಲಿ ಕೂಲಿ ಅಳಿಸಿ ನಿಜ ಬರೆಯಬಹುದು; ಒಳಗೆ ಇನ್ನೂ ದುಡಿಯುತ್ತಿರುವ ನಲವತ್ತು ಜನರ ಎದೆಯನ್ನಾದರೂ ಉಳಿಸಬಹುದು. ನಾನು ಹೀಗೆ ಅಲೆಯುತ್ತಿರುವಾಗ ನಿನ್ನ ಮಾತು ಲಾರಿ ಡ್ರೈವರನ ಬಾಯಲ್ಲಿ ಬಂತು: "ಅಕ್ಕನಿಗೆ ಹೇಳು, ಹಳೇ ಲಾಂಡ್ರಿ ಪುಸ್ತಕ ಎಲ್ಲಾ ಒಲೆಗೆ ಹಾಕಲಿ." ನಾನು ನಿನ್ನ ಹೆಸರೇ ಎತ್ತಿರಲಿಲ್ಲವಲ್ಲೋ! ಕುಂಬಳಕಾಯಿ ಕಳ್ಳ ಅಂದರೆ ನೀನೇ ಹೆಗಲು ಮುಟ್ಟಿ ನೋಡಿಕೊಂಡೆ. ಹೆಗಲ ಮೇಲೆ ಪುಡಿ ಇರುವುದೂ ನಿಜ. ಪುಸ್ತಕ ಒಲೆಗೆ ಹಾಕಿಲ್ಲ. ಡಾಕ್ಟರಮ್ಮನ ಬೀರುವಿನಲ್ಲಿದೆ, ಬೀಗದ ಕೈ ಅವರ ಹತ್ತಿರ.

ನಿನ್ನ ಭಾವ ನಿನಗೆ ಶಾಪ ಹಾಕುತ್ತಿಲ್ಲ; ಹಾಕುವಷ್ಟು ಉಸಿರಿಲ್ಲ. "ಅವನೂ ಅಲ್ಲೇ ನಿಂತಿದ್ದ ಕಣೇ" ಎಂದಷ್ಟೇ ಹೇಳಿ ಗೋಡೆಗೆ ಮುಖ ತಿರುಗಿಸಿದರು. ಕೋಪವೆಲ್ಲ ಇಬ್ಬರದ್ದೂ ಸೇರಿ ನನ್ನ ಪಾಲಿಗೆ ಬಂದಿದೆ, ಕಡಿಮೆ ಬಿದ್ದಿಲ್ಲ. ಆದರೂ ಹಿರಿಯಳು, ಕೈ ಎತ್ತಿದ್ದೇನೆ: ನೂರು ಕಾಲ ಬಾಳು. ಅದಕ್ಕೆ ಬೇಕಾದ ಉಸಿರು ಉಳಿದಿರಲಿ.

ಇಂತಿ ನಿನ್ನ ಅಕ್ಕ,
ಟಬ್ಬಿನವಳು

ಮರೆತದ್ದು: ಇವರ ಆ ಮಾತು ಕೇಳಿದ ಮೇಲೆ ಕೂತು ಯೋಚಿಸಿದೆ. ಒಂದನೇ ನಂಬರಿನ ಅಂಗಿ ಯಾರದ್ದು? ನಿನ್ನದೇ. ಎಲ್ಲರಿಗಿಂತ ಮೊದಲು ಆ ಪುಡಿಯೊಳಗೆ ನಿಂತವನು ನೀನು. ಕೊನೆಯ ಸಲ ಫೋನಿನಲ್ಲಿ ನೀನು ಒಂಬತ್ತು ನಿಮಿಷ ಮಾತಾಡಿದೆ, ಹದಿನಾಲ್ಕು ಸಲ ಕೆಮ್ಮಿದೆ, ಎಣಿಸಿದ್ದೇನೆ. ಬರುವ ಮಂಗಳವಾರ ಹತ್ತು ಗಂಟೆಗೆ ನಿನಗೊಂದು ಎಕ್ಸ್‌ರೇ ಹೇಳಿಟ್ಟಿದ್ದೇನೆ. ಪುಸ್ತಕ ತಂದರೂ ಬಾ, ತರದಿದ್ದರೂ ಬಾ. ತಂದರೆ ತಲೆ ಎತ್ತಿ ಬಾ. ಎದುರು ಗೇಟಿಗೆ ನಾಚಿಕೆಯಾದರೆ ಹಿಂದೆ ಬಟ್ಟೆ ಹಾಕುವ ಬಾಗಿಲಿದೆ. ಚೀಟಿ ಬರೆಯುವವನು ಕಸುಬು ಕೇಳಿದರೆ ಈ ಸಲ ನಿಜ ಹೇಳು.

ಯಾರಿಗೆ ಏನು ಸಿಕ್ಕಿತು ಎಂದು ಕೂಡಿಸಿ ಮುಗಿಸುತ್ತೇನೆ. ಮಾಲೀಕನಿಗೆ ನಯವಾದ ಪುಡಿ. ಆ ಪುಡಿ ಕೊಳ್ಳುವ ಗಾಜಿನ ಕಂಪನಿಗೆ ಫಳಫಳ ಗಾಜು. ನನಗೆ ಹನ್ನೊಂದು ವರ್ಷದ ಗಿರಾಕಿ. ಡಾಕ್ಟರಮ್ಮನ ರಿಜಿಸ್ಟರಿಗೆ ಸುಳ್ಳು ಇಪ್ಪತ್ತೆರಡು, ತಲೆಗೆರಡು. ಹನ್ನೊಂದು ಜನರಿಗೆ ಎದೆಯೊಳಗೆ ಕಲ್ಲು. ನಿನಗೆ ಮೇಸ್ತ್ರಿಯ ಕುರ್ಚಿ, ಮತ್ತು ಆ ಕೆಮ್ಮು.