ಹಚ್ಚಡದ ಗಂಟು

ಅಯಾಕುಚೊ,
ಅಕ್ಟೋಬರ್ ೧೨, ೨೦೧೪

ಪ್ರೀತಿಯ ಅಮ್ಮಾ,

ನಿನ್ನ ನೆಲಿದಾಳ ನಮಸ್ಕಾರ. ಆರೋಗ್ಯವಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಇಷ್ಟನ್ನು ಮೊದಲೇ ಬರೆದುಬಿಟ್ಟರೆ ಮುಂದಿನದನ್ನು ನೀನು ಸಮಾಧಾನವಾಗಿ ಕೇಳುತ್ತೀಯ. ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಿ ಮಾತಾಡೋಣವೆಂದರೆ "ಉಂಡ್ಯಾ, ಚಳಿ ಜಾಸ್ತಿನಾ" ಎಂದು ಕೇಳಿ ಇಟ್ಟೇಬಿಡುತ್ತೀಯ. ನೀನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ರಾತ್ರಿಯಾದೀತು, ಇದನ್ನು ತಮ್ಮ ಎಲ್ಮೆರ್ ಓದಿ ಹೇಳಲಿ. ಲಿಮಾದ ಆ ಧೂಳಿನ ಗುಡ್ಡ ಹತ್ತಿ ಮನೆ ಸೇರುವಷ್ಟರಲ್ಲಿ ಅವನಿಗೆ ಸಾಕಾಗಿರುತ್ತದೆ, ಊಟ ಹಾಕಿ ಆಮೇಲೆ ಓದಿಸು.

ನಿಜ ಹೇಳಬೇಕೆಂದರೆ ತುಂಬಾ ದಣಿದಿದ್ದೇನೆ ಅಮ್ಮಾ. ಸಂಜೆ ಮನೆಗೆ ಬಂದು ಬೂಟು ಬಿಚ್ಚಲು ಬಗ್ಗಿದರೆ ಹಾಗೇ ಕೂತುಬಿಡುತ್ತೇನೆ. ನಿನ್ನನ್ನು ನೀನು ನೋಡಿಕೋ ಎಂದು ನಮ್ಮ ಮೇಲಿನವರು ಬುದ್ಧಿ ಹೇಳುತ್ತಾರೆ, ಹೇಳಿದ ಮರುದಿನವೇ ಇನ್ನೊಂದು ಹಳ್ಳಿಯನ್ನೂ ನನ್ನ ತಲೆಗೆ ಕಟ್ಟುತ್ತಾರೆ.

ನಾನು ಮಾಡುವ ಕೆಲಸ ಏನೆಂದು ನಿನಗೆ ಇನ್ನೂ ಗೊತ್ತಾಗಿಲ್ಲ. ನೆರೆಯವರಿಗೆ ನರ್ಸ್ ಎಂದು ಹೇಳಿದ್ದೀಯಂತೆ, ಇರಲಿ. ಆ ಕೆಟ್ಟ ವರ್ಷಗಳನ್ನು, ಎರಡು ಕಡೆಯ ಬಂದೂಕುಗಳ ನಡುವೆ ಹಳ್ಳಿಗಳು ಸಿಕ್ಕಿಬಿದ್ದ ಕಾಲವನ್ನು, ಕಂಡವರು ನನ್ನ ಹತ್ತಿರ ಬರುತ್ತಾರೆ. ಏನಾಯಿತು ಹೇಳಿ ಎಂದು ನಾನು ಕೇಳುವುದಿಲ್ಲ. ಹೇಳಿ ಹೇಳಿ ಅವರಿಗೂ ಸಾಕಾಗಿದೆ, ಬರೆದುಕೊಂಡು ಹೋದವರು ತಿರುಗಿ ನೋಡಿಲ್ಲ. ನಾನು ಮೈಯನ್ನು ವಿಚಾರಿಸುತ್ತೇನೆ. ಕುತ್ತಿಗೆ ಯಾವಾಗ ಬಿಗಿಯುತ್ತದೆ, ಉಸಿರು ಎಲ್ಲಿಗೆ ಬಂದು ನಿಲ್ಲುತ್ತದೆ, ಪಾದ ನೆಲಕ್ಕೆ ಊರಿದೆಯೋ ಓಡಲು ಕಾದಿದೆಯೋ ಎಂದು. ಮನಸ್ಸು ಮರೆತದ್ದನ್ನೂ ಮೈ ಮರೆತಿರುವುದಿಲ್ಲ. ಅಪಾಯ ಕಳೆದಿದೆ ಎಂದು ಅದಕ್ಕೆ ನಿಧಾನವಾಗಿ ಮನವರಿಕೆ ಮಾಡಬೇಕು, ಅಷ್ಟೆ. ಹೇಳುವುದಕ್ಕೆ ಸುಲಭ.

ಸೆರಾಪಿಯಮ್ಮನವರ ಸುದ್ದಿ ಬರೆಯುತ್ತೇನೆ. ಕದ್ದು ಬರೆಯುತ್ತಿಲ್ಲ, ಅವರನ್ನೇ ಕೇಳಿದೆ. "ನಿಮ್ಮಮ್ಮಂಗೆ ತಾನೆ, ಬರಿ. ಅವಳೂ ಈ ಬೆಟ್ಟದೋಳೇ ಅಲ್ವಾ" ಎಂದರು.

ಅವರಿಗೆ ಬೆನ್ನ ಮೇಲೆ ಏನಿಟ್ಟರೂ ಆಗುವುದಿಲ್ಲ. ಊರಿನ ಹೆಂಗಸರೆಲ್ಲ ಸೌದೆ, ಹುಲ್ಲು, ಮಗು ಎಲ್ಲವನ್ನೂ ಹಚ್ಚಡದಲ್ಲಿ ಕಟ್ಟಿ ಬೆನ್ನಿಗೇರಿಸಿಕೊಂಡು ನಡೆದರೆ ಇವರದು ಎಲ್ಲ ಕತ್ತೆಯ ಮೇಲೆ. ದೊರೆಸಾನಿ ಬಂದಳು ದಾರಿ ಬಿಡಿ ಎಂದು ಊರವರು ನಗುತ್ತಿದ್ದರಂತೆ. ಸ್ವಂತ ಮಗಳನ್ನು ಹೊತ್ತು ಬೆಳೆಸಿದ್ದೂ ಅತ್ತೆಯೇ. ಈಗ ಆ ಮಗಳಿಗೆ ಹೆಣ್ಣು ಮಗುವಾಗಿದೆ, ಹೆಸರು ಲಿಸ್ಬೆತ್. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಮಗಳು ಸಂತೆಗೆ ಹೊರಟಾಗ ಮಗುವನ್ನು ಸೆರಾಪಿಯಮ್ಮನವರ ಬೆನ್ನಿಗೆ ಕಟ್ಟಲು ಬಂದರೆ ಇವರ ಕೈಕಾಲು ತಣ್ಣಗಾಗುತ್ತದೆ, ಉಸಿರು ನಿಲ್ಲುತ್ತದೆ. "ಕುರಿಮರೀನ ತೋಳಲ್ಲಿ ಎತ್ತಿ ಆಡಿಸ್ತಾಳೆ, ನನ್ನ ಮಗೂಗೆ ಮಾತ್ರ ಬೆನ್ನಿಲ್ಲ" ಎಂದು ಮಗಳು ನನ್ನ ಮುಂದೆಯೇ ಚುಚ್ಚಿದಳು. ಮೊಮ್ಮಗಳನ್ನು ಒಂದು ಸಲ ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿಬರಬೇಕು, ಸೆರಾಪಿಯಮ್ಮ ಬಯಸಿದ್ದು ಅಷ್ಟೇ.

ಕೇಳದೆ ಯಾರನ್ನೂ ಮುಟ್ಟಬಾರದು, ಇದು ನಮ್ಮ ಮೊದಲ ಪಾಠ. ಕೇಳಿದೆ. ಬೆನ್ನ ಮೇಲೆ ಕೈಯಿಡಲೇ? ಹೂಂ. ಹಚ್ಚಡದಲ್ಲಿ ನಾಲ್ಕು ಆಲೂಗಡ್ಡೆ ಹಾಕಿ ಕಟ್ಟಲೇ? ಹೂಂ. ಎದೆಯ ಮೇಲೆ ಗಂಟು ಬಿಗಿಯಲೇ? ಹೂಂ ಮಗಳೇ. ಪಾಠದ ಪ್ರಕಾರ ಎಲ್ಲ ಸರಿಯಾಗಿತ್ತು. ಗಂಟು ಬಿಗಿದ ಮೇಲೆ ನೋಡುತ್ತೇನೆ, ಕಣ್ಣು ತೆರೆದೇ ಇದೆ, ಆ ಕಣ್ಣಿನಲ್ಲಿ ಸೆರಾಪಿಯಮ್ಮ ಇಲ್ಲ. ತುಟಿ ನೀಲಿ, ಲಂಗ ಒದ್ದೆ. ಹೇಗೋ ಬಿಚ್ಚಿದೆ. ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕೂತೆ. ಬಹಳ ಹೊತ್ತಾದ ಮೇಲೆ ಅವರು ನನ್ನನ್ನು ನೋಡಿ, ತಾವೇ ತಪ್ಪು ಮಾಡಿದವರ ಹಾಗೆ, "ಬೇಡ ಅಂದ್ರೆ ನೀನು ನೊಂದ್ಕೊಳ್ತೀಯೇನೋ ಅಂತ ಹೂಂ ಅಂದೆ" ಎಂದರು.

ನಮ್ಮ ಜನ ಹಾಗಲ್ಲವೇ ಅಮ್ಮಾ? ಉಪಕಾರ ಮಾಡಲು ಬಂದವರಿಗೆ ಇಲ್ಲ ಅನ್ನುವುದುಂಟೇ? ಹಳಸಿದ ಸೂಪು ಕೊಟ್ಟರೂ ಚೆನ್ನಾಗಿದೆ ಎಂದು ಇನ್ನೊಂದು ಬಟ್ಟಲು ಕುಡಿಯುವವರು. ಲಿಮಾದಲ್ಲಿ ನನಗೆ ಕಲಿಸಿದವರಿಗೆ ಇದು ಗೊತ್ತಿರಲಿಲ್ಲ, ಸರಿ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ನನಗಾದರೂ ಗೊತ್ತಾಗಬೇಕಿತ್ತು.

ಅಂದಿನಿಂದ ಪಾಠವನ್ನು ತಲೆಕೆಳಗು ಮಾಡಿದೆ. ಹೂಂ ಅನ್ನಿಸುವುದನ್ನು ಬಿಟ್ಟು ಬೇಡ ಅನ್ನುವುದನ್ನು ಕಲಿಸತೊಡಗಿದೆ. ಬರಿಯ ಹಚ್ಚಡವನ್ನು ಅವರ ಮಡಿಲಲ್ಲಿಟ್ಟು, ಹೊದೆಯುವುದೂ ಕಟ್ಟುವುದೂ ಬಿಚ್ಚುವುದೂ ನಿಮ್ಮ ಕೈಯಲ್ಲೇ ಎಂದೆ. ನಾನು ದೂರ ಕೂತೆ. ಅವರು ಉಣ್ಣೆ ನೂಲುತ್ತಾ, ನಡುನಡುವೆ ಹಚ್ಚಡ ಹೊದೆದು, ಗಂಟು ಹಾಕಿ, ಕೂಡಲೇ ಎಳೆದು ಬಿಚ್ಚುತ್ತಿದ್ದರು. ವಾರಗಟ್ಟಲೆ ಇದೇ. ಸರ್ಕಾರದ ಸಂಬಳ ತಗೊಂಡು ಮುದುಕಿಗೆ ಗಂಟು ಹಾಕೋದು ಕಲಿಸ್ತಿದ್ದಾಳೆ ಎಂದು ಊರಿನ ಗಂಡಸರು ಆಡಿಕೊಂಡರು. ಆಡಿಕೊಳ್ಳಲಿ. ಮರು ತಿಂಗಳು ಸೆರಾಪಿಯಮ್ಮ ಒಂದು ಬೊಗಸೆ ಬಾರ್ಲಿ ಕಟ್ಟಿಕೊಂಡರು. ಬೆನ್ನು ಬಿಗಿದಾಗ ಪಾದವನ್ನು ನೆಲಕ್ಕೆ ಒತ್ತುವುದು, ಎದುರಿನ ಗೋಡೆಯನ್ನೋ ನಾಯಿಯನ್ನೋ ನೋಡಿ ಅದರ ಹೆಸರು ಹೇಳುವುದು, ಇಂಥ ಸಣ್ಣಪುಟ್ಟ ಉಪಾಯಗಳನ್ನು ಹೇಳಿಕೊಟ್ಟಿದ್ದೆ. ಒಂದು ದಿನ ನಾನು ಇನ್ನೊಂದು ಬೊಗಸೆ ಹಾಕಲೇ ಎಂದಾಗ ಅವರು ನೆಟ್ಟಗೆ ನನ್ನ ಮುಖ ನೋಡಿ "ಬೇಡ" ಎಂದರು. ನನಗೆ ಅಳು ಬಂತು. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ಆ ದಿನವೇ, ನಾನು ಕೇಳದೆಯೇ, ಕದಿರು ತಿರುಗಿಸುತ್ತಾ ಹೇಳಿದರು. ಯಾವ ಕಡೆಯ ಬಂದೂಕಿನವರೋ ಊರಿಗೆ ನುಗ್ಗಿದಾಗ ಎಲ್ಲರೂ ಕಣಿವೆಯ ಗುಹೆಯಲ್ಲಿ ಅಡಗಿದ್ದರಂತೆ. ಇವರ ಬೆನ್ನ ಮೇಲಿದ್ದ ಚೊಚ್ಚಲ ಕೂಸು ಅತ್ತಿತಂತೆ. ಸುಮ್ಮನಿರಿಸು, ಎಲ್ಲರೂ ಸಾಯ್ತೀವಿ ಎಂದು ಜನ ಪಿಸುಗುಟ್ಟಿದರಂತೆ. "ಹಚ್ಚಡ ಬಿಗಿಯಾಗಿ ಎಳ್ಕೊಂಡೆ. ಅಳು ನಿಂತೋಯ್ತು. ಬೆಳಗ್ಗೆ ಬಿಚ್ಚಿದಾಗ ಏಳಲಿಲ್ಲ." ಅಷ್ಟು ಹೇಳಿ ಮತ್ತೆ ನೂಲತೊಡಗಿದರು. ನಾನು ಉಣ್ಣೆ ಹಿಂಜಿ ಅವರ ಕೈಗೆ ಕೊಡುತ್ತಾ ಕೂತೆ.

ಹೋದ ಮಂಗಳವಾರ ಲಿಸ್ಬೆತ್‌ಳನ್ನು ಕಟ್ಟಿಕೊಂಡರು. ತಾವೇ ಬಾಗಿ, ಮಗಳು ಮೇಲೆ ಕೂರಿಸಿದ ಮಗುವನ್ನು ಸರಿಪಡಿಸಿಕೊಂಡು, ಗಂಟು ಸಡಿಲವಾಗಿ ಹಾಕಿದರು. ಅಂಗಳದಿಂದ ಹೊಲದ ಬದುವಿನವರೆಗೆ ನಡೆದರು. ಮಗು ಕಿರುಚಿ ಅತ್ತಿತು. ಸೆರಾಪಿಯಮ್ಮ ಅಲ್ಲೇ ನಿಂತರು. ಬೆವರುತ್ತಿದ್ದರು, ಪಾದವನ್ನು ನೆಲಕ್ಕೆ ಒತ್ತಿದರು, ನಾನು ಅವರತ್ತ ಓಡಬೇಕೆಂದಿದ್ದೆ. ಅಷ್ಟರಲ್ಲಿ ಅವರು, "ಅಳು ಕಂದಾ. ಎಷ್ಟು ಬೇಕಾದ್ರೂ ಅಳು, ಈಗ ಯಾರೂ ಬರಲ್ಲ" ಎಂದರು. ಮಗು ಬೆಟ್ಟಕ್ಕೆಲ್ಲ ಕೇಳುವಂತೆ ಅತ್ತಿತು. ಅದನ್ನು ಹೊತ್ತುಕೊಂಡೇ ಅವರು ವಾಪಸು ನಡೆದು ಬಂದರು. ಆಮೇಲೆ ಎಲ್ಲರೂ ಬೇಯಿಸಿದ ಜೋಳ, ಚೀಸು ತಿಂದೆವು. ಮನೆಗೆ ಬಂದ ಮೇಲೆ ನನಗೆ ಎರಡು ದಿನ ಹಾಸಿಗೆಯಿಂದ ಏಳಲಾಗಲಿಲ್ಲ.

ಇನ್ನು ನಿಲ್ಲಿಸುತ್ತೇನೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಎಲ್ಮೆರ್‌ನಿಗೂ ಅವನ ಮಕ್ಕಳಿಗೂ ಒಳ್ಳೆಯದಾಗಲಿ, ಅವರ ಮನೆ ತಣ್ಣಗಿರಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ಹಿರಿಮಗಳು,
ನೆಲಿದಾ

ಮರೆತ ಮಾತು: ಎಲ್ಮೆರ್, ಇಲ್ಲಿಗೆ ಸಾಕು, ಕಾಗದ ಅಮ್ಮನ ಕೈಗೆ ಕೊಡು. ಅಮ್ಮಾ, ಮುಂದಿನದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ನಿಧಾನವಾಗಿ ನೀನೇ ಓದಿಕೋ. ನೀನು ನನ್ನನ್ನು ಎಂದೂ ಬೆನ್ನಿಗೆ ಕಟ್ಟಲಿಲ್ಲ. ಎಲ್ಲ ಮಕ್ಕಳೂ ತಾಯಂದಿರ ಬೆನ್ನಿನಿಂದ ಸಂತೆ ನೋಡಿದರೆ ನಾನು ನಿನ್ನ ತೋಳಿನಲ್ಲಿ ನಿನ್ನ ಮುಖವನ್ನೇ ನೋಡುತ್ತಿದ್ದೆ. ನಿನಗೆ ನಾನು ಬೇಡವಾಗಿದ್ದೆ ಎಂದೇ ತಿಳಿದು ಬೆಳೆದೆ, ಅದು ನನ್ನನ್ನು ಬಹಳ ನೋಯಿಸಿದೆ. ಊರಿಗೆಲ್ಲ ಮೈಯ ಮಾತು ತಿಳಿಸುವ ನನಗೆ ದೀಪದ ಬುಡದಲ್ಲೇ ಕತ್ತಲೆ. ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ನೀನು ಮಗುವಿನ ಆಕಾರದ ರೊಟ್ಟಿ ತರುತ್ತಿದ್ದೆ. ನನಗೊಂದು, ಎಲ್ಮೆರ್‌ಗೊಂದು, ಮತ್ತೊಂದು. ಅದು ನೆರೆಮನೆಗೆ ಅನ್ನುತ್ತಿದ್ದೆ, ಯಾವ ನೆರೆಮನೆಗೂ ಕೊಡುತ್ತಿರಲಿಲ್ಲ, ಸತ್ತವರಿಗೆ ಎಡೆ ಇಡುವ ಮೇಜಿನ ಮೂಲೆಯಲ್ಲಿ ಇಡುತ್ತಿದ್ದೆ. ಹಬ್ಬಕ್ಕೆ ನಾನು ಬರುತ್ತಿದ್ದೇನೆ. ಆ ರೊಟ್ಟಿಯನ್ನು ಈ ಸಲ ನಾನು ತರುತ್ತೇನೆ. ಯಾರ ಹೆಸರು ಹೇಳಿ ಇಡಲಿ, ಅಮ್ಮಾ?