ಹತ್ತು ಹೆಸರು ಸಿಗುವವರೆಗೆ

ಮಾರ್ಚ್ 3, ಸೋಮವಾರ
ಮತ್ತೆ ಅದೇ ಗೋಳು. ಆಸ್ಪತ್ರೆಯ ರಕ್ತನಿಧಿಗೆ ನಮ್ಮ ಕಂಪನಿ ಮಾಡಿಕೊಟ್ಟ, ದಾನಿಗಳನ್ನು ಹುಡುಕುವ ಸ್ಕ್ರೀನ್ ಆಮೆ ನಡಿಗೆ. ರಕ್ತದ ಗುಂಪು ಕೊಟ್ಟರೆ ಇತ್ತೀಚೆಗೆ ಹೆಸರು ಬರೆಸಿದ ಹತ್ತು ಜನ ಬರಬೇಕು. ದಾನಿಗೊಂದು ಸಾಲಿನಂತೆ, ಇಡೀ ರಾಜ್ಯದ್ದು ಸೇರಿ ನಲವತ್ತು ಲಕ್ಷ ಸಾಲುಗಳಿವೆ. ಬೇಗ ಸಿಗಲೆಂದು ತಾರೀಖಿನ ಮೇಲೆ ಇಂಡೆಕ್ಸ್, ಪುಸ್ತಕದ ಕೊನೆಯ ಪದಸೂಚಿಯಂಥದ್ದು, ಹಾಕಿದೆ. ನನ್ನದೇ ಗುಂಪು, ಓ ಪಾಸಿಟಿವ್, ಕೊಟ್ಟು ನೋಡಿದೆ... ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಬಾಸ್ ಎಲ್ಲರೆದುರು ಹೊಗಳಿದರು. ಖುಷಿಯಾಯಿತು, ಸುಳ್ಳೇಕೆ.

ಮಾರ್ಚ್ 14, ಬೆಳಿಗ್ಗೆ 10.20
ರಕ್ತನಿಧಿಯ ಟೆಕ್ನಿಷಿಯನ್ ಅಕ್ಕನ ಫೋನು. ಹೆರಿಗೆ ವಾರ್ಡಿನಲ್ಲಿ ಒಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಅಪರೂಪದ ಗುಂಪು, ಬೇರೆ ಯಾವುದೂ ಒಗ್ಗುವುದಿಲ್ಲ.

"ಸ್ಕ್ರೀನು ಅರ್ಧ ನಿಮಿಷ ತಿರುಗಿ 'ದಾನಿಗಳಿಲ್ಲ' ಅನ್ನುತ್ತೆ ಕಣಮ್ಮ. ಇದಾರೆ ಅಂತ ನಂಗೊತ್ತು. ಮೂರು ಜನರನ್ನ ನಾನೇ ಬರ್ಕೊಂಡಿದೀನಿ."

"ಎಷ್ಟು ಹೊತ್ತಿದೆ ಅಕ್ಕಾ?"

"ಹೊತ್ತೆಲ್ಲಿದೆ. ಬೇಗ ನೋಡು."

10.35
ನನ್ನದೇ ಎಡವಟ್ಟು. ಸ್ಕ್ರೀನ್ ಕಳಿಸುವ ಕ್ವೆರಿ, ಅಂದರೆ ಹುಡುಕಾಟದ ಆದೇಶ, ಈಗ ಗುಂಪನ್ನು ಹಿಡಿದು ಹುಡುಕುತ್ತಲೇ ಇಲ್ಲ. ನನ್ನ ಇಂಡೆಕ್ಸ್ ಹಿಡಿದು ಹೊಸ ತಾರೀಖಿನಿಂದ ಹಿಂದಕ್ಕೆ ಒಂದೊಂದೇ ಸಾಲು ನೋಡುತ್ತಿದೆ, ಹತ್ತು ಸಿಗುವವರೆಗೆ. ಓ ಪಾಸಿಟಿವ್ ಆದರೆ ಶುರುವಿನಲ್ಲೇ ಹತ್ತು. ಗುಂಪಿಗೆ ಮೊದಲೇ ಇದ್ದ ಹಳೇ ಇಂಡೆಕ್ಸನ್ನೇ ಬಳಸು ಎಂದು ಬರೆದು ಓಡಿಸಿದೆ. ತಕ್ಷಣ ಬಂತು. ಏಳೇ ಹೆಸರು. ಏಳೇ ಇರುವಾಗ ಹತ್ತು ಎಲ್ಲಿಂದ ಸಿಗಬೇಕು — ನಲವತ್ತು ಲಕ್ಷವನ್ನೂ ಜಾಲಾಡುತ್ತಿತ್ತು. ಅಷ್ಟರಲ್ಲಿ ಸ್ಕ್ರೀನ್ ಕಾದು ಸಾಕಾಗಿ 'ದಾನಿಗಳಿಲ್ಲ' ಎಂದುಬಿಡುತ್ತಿತ್ತು.

ನಂಬರುಗಳನ್ನು ಅಕ್ಕನಿಗೆ ಓದಿ ಹೇಳಿದೆ. ಎರಡು ಸಲ ತಪ್ಪಿ, ಮತ್ತೆ ಓದಿದೆ.

11.10
ನಾಲ್ಕನೆಯವರು ಫೋನ್ ಎತ್ತಿದರಂತೆ. ಟೈಲರ್. ಹೊಲಿಯುತ್ತಿದ್ದುದನ್ನು ಅಲ್ಲೇ ಬಿಟ್ಟು ಹೊರಟಿದ್ದಾರೆ.

12.40
ನನ್ನ ಇಂಡೆಕ್ಸ್ ಕಿತ್ತೆ. ಗುಂಪು, ತಾರೀಖು ಎರಡೂ ಸೇರಿಸಿ ಹೊಸದು ಹಾಕಿದೆ. ಈ ಸಲ ಎಲ್ಲ ಗುಂಪನ್ನೂ ಕೊಟ್ಟು ನೋಡಿದೆ. ಅವತ್ತೇ ನೋಡಿದ್ದರೆ ಏನು ಗಂಟು ಹೋಗುತ್ತಿತ್ತು ನನ್ನದು?

4.15
ತಾಯಿ ಉಳಿದಳು. ಮಗು ಚೆನ್ನಾಗಿದೆ. "ಪುಣ್ಯ ಕಟ್ಕೊಂಡೆ ಕಣಮ್ಮ," ಎಂದರು ಅಕ್ಕ. ಎಡವಟ್ಟು ನನ್ನದೇ ಎಂದು ಅವರಿಗಿನ್ನೂ ಹೇಳಿಲ್ಲ.

ಮಾರ್ಚ್ 15
ಹನ್ನೊಂದು ದಿನ ಹಾಗೇ ಇತ್ತು ಆ ಸ್ಕ್ರೀನ್. ತಡೆಯಲಾಗದೆ ನಿಧಾನವಾದ ಕ್ವೆರಿಗಳು ತಾವಾಗೇ ದಾಖಲಾಗುವ ಲಾಗ್ ತೆರೆದೆ. ಅದೇ ಗುಂಪು, ಎಂಟನೇ ತಾರೀಖು, ಮಧ್ಯಾಹ್ನ. ಯಾರೋ ಮತ್ತೆ ಮತ್ತೆ ಹುಡುಕಿದ್ದಾರೆ. ಹದಿನಾಲ್ಕು ಸಲ. ಆಮೇಲೆ ಹುಡುಕಿಲ್ಲ.

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯಲಿಲ್ಲ.

"ಎಂಟಕ್ಕೆ ನಂಗೆ ರಜೆ ಇತ್ತು. ತಾಳು, ರಿಜಿಸ್ಟರ್ ನೋಡ್ತೀನಿ."

ಪುಟ ಮಗುಚುವ ಸದ್ದು.  ಆಮೇಲೆ ಮೆಲ್ಲಗೆ ಅಕ್ಕ, "ಅದೇ ಗುಂಪು. 'ದಾನಿ ಸಿಗಲಿಲ್ಲ' ಅಂತ ಬರ್ದಿದೆ. ಸಂಜೆ ತೀರ್ಕೊಂಡಿದಾರೆ ಕಣಮ್ಮ," ಎಂದರು.